ಚಕ್ರಕ್ಕೂ ಹಲಗೆಗೂ ನಡುವೆ

"ಅಮ್ಮ, ಒಂದನ್ನು ಬಿಟ್ಟಾಗಿದೆ, ಇನ್ನೊಂದು ಇನ್ನೂ ಕೈಗೆ ಬಂದಿಲ್ಲ. ನಡುವಿನ ಈ ದಿನಗಳನ್ನು ಬೇಗ ದಾಟುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ಅವಳು ಆಶ್ರಮದ ಅಡಿಗೆಮನೆಯಲ್ಲಿ ನಾಲ್ಕು ವರ್ಷ ದುಡಿದಿದ್ದಳು. ಮೊನ್ನೆ ಆ ಕೆಲಸ ಮುಗಿದಿತ್ತು. ಬರುವ ಹುಣ್ಣಿಮೆಗೆ ಅವಳು ಮೌನವ್ರತ ಹಿಡಿಯಬೇಕು. ಹುಣ್ಣಿಮೆಗೆ ಇನ್ನೂ ಹನ್ನೊಂದು ದಿನಗಳಿದ್ದವು. ಆ ಹನ್ನೊಂದು ದಿನಗಳಿಗೆ ಗುರುಮಾತೆ ಅವಳಿಗೆ ಒಂದೇ ಕೆಲಸ ಒಪ್ಪಿಸಿದ್ದರು. ಮೊಗಸಾಲೆಯ ಕೊನೆಯ ಕೋಣೆಯಲ್ಲಿ ಸಾತಮ್ಮನೆಂಬ ಮುದುಕಿ ಹಾಸಿಗೆ ಹಿಡಿದಿದ್ದಳು. ಅವಳ ಕೈಗೆಟಕುವಂತೆ ಹಿತ್ತಾಳೆಯ ಒಂದು ಗಂಟೆಯನ್ನು ಇಟ್ಟಿದ್ದರು. ಗಂಟೆ ಹೊಡೆದಾಗ ಎದ್ದು ಹೋಗಬೇಕು, ಅಷ್ಟೆ.

ಗುರುಮಾತೆಗೆ ಎಂಬತ್ತು ದಾಟಿತ್ತು. ಎರಡು ವರ್ಷಗಳಿಂದ ಅವರ ಕಾಲುಗಳಲ್ಲಿ ಶಕ್ತಿಯಿರಲಿಲ್ಲ. ಬೆಳಿಗ್ಗೆ ಅವರನ್ನು ಎತ್ತಿ ತಂದು ಮೊಗಸಾಲೆಯಲ್ಲಿ ಕೂರಿಸುತ್ತಿದ್ದರು. ಸಂಜೆ ಎತ್ತಿ ಒಳಗೆ ಒಯ್ಯುತ್ತಿದ್ದರು. ಆ ದಿನ ಉಳಿದವರೆಲ್ಲ ಹೊಲಕ್ಕೆ ಹೋಗಿದ್ದರು. ಆಶ್ರಮದಲ್ಲಿ ಇದ್ದವರು ಮೂವರೇ.

"ಬೇಗ ದಾಟಬೇಕೆ?" ಎಂದು ಗುರುಮಾತೆ ಕೇಳಿದರು.

"ಹೌದಮ್ಮ. ಇವು ಯಾವ ಸಾಧನೆಗೂ ಸೇರದ ದಿನಗಳು."

"ಕುಳಿತುಕೋ" ಎಂದು ಅವರು ಹೇಳಿದ ಕತೆ ಇದು.

ಉತ್ತರದಲ್ಲಿ, ವರ್ಷಕ್ಕೆ ನಾಲ್ಕು ತಿಂಗಳು ಹಿಮ ಹೊದ್ದು ಮಲಗುವ ಸೀಮೆಯಲ್ಲಿ ಒಬ್ಬ ಮೇಷ್ಟ್ರಿದ್ದ. ಶಾಲೆಯಲ್ಲಿ ಗಣಿತ ಹೇಳಿಕೊಡುವುದು ಅವನ ವೃತ್ತಿ; ಬೆಟ್ಟದ ಸೈಕಲ್ಲು ಅವನ ಹುಚ್ಚು. ದಪ್ಪ ಗಾಲಿಯ ಆ ಸೈಕಲ್ಲನ್ನು ಏರಿದನೆಂದರೆ ಕಲ್ಲಾಗಲಿ, ಬೇರಾಗಲಿ, ಹಳ್ಳವಾಗಲಿ ಅವನಿಗೆ ಅಡ್ಡಿಯಲ್ಲ. ಅವನು ಪಂದ್ಯ ಗೆದ್ದವನಲ್ಲ. ಗೆಲ್ಲಬೇಕೆಂಬ ಆಸೆಯೂ ಅವನಿಗಿರಲಿಲ್ಲ. ಜೊತೆಯವರೆಲ್ಲ ಇಳಿದು ಕುಳಿತ ಮೇಲೂ ತಾನೊಬ್ಬ ತುಳಿಯುತ್ತಿರಬೇಕು ಎಂಬುದೇ ಅವನ ಆಸೆ. ಊರಿನವರು ಅವನನ್ನು ಗಟ್ಟಿಗ ಎಂದರು. ಅವನೂ ಅದನ್ನು ನಂಬಿದ.

ಹಿಮ ಬಿದ್ದ ಮೇಲೆ ಸೈಕಲ್ಲು ನಡೆಯದು. ಆಗ ಆ ಸೀಮೆಯವರು ಪಾದಗಳಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು, ಎರಡು ಕೋಲುಗಳನ್ನು ಊರುತ್ತ ಹಿಮದ ಮೇಲೆ ಜಾರುತ್ತಾರೆ. ಅದಕ್ಕೆ ಸ್ಕೀ ಎಂದು ಹೆಸರು. ಬೇಸಗೆಯಲ್ಲಿ ಸೈಕಲ್ಲಿನ ಮೇಲೆ ಹತ್ತಿದ ಬೆಟ್ಟವನ್ನು ಮೇಷ್ಟ್ರು ಚಳಿಗಾಲದಲ್ಲಿ ಹಲಗೆಯ ಮೇಲೆ ಹತ್ತುತ್ತಿದ್ದ. ಅವನ ಕೋಣೆಯ ಗೋಡೆಯಲ್ಲಿ ಒಂದೇ ಒಂದು ಗೂಟವಿತ್ತು. ಬೇಸಗೆಯಲ್ಲಿ ಅದರಲ್ಲಿ ಹಲಗೆಗಳು ತೂಗುತ್ತಿದ್ದವು, ಚಳಿಗಾಲದಲ್ಲಿ ಸೈಕಲ್ಲು. ಒಂದನ್ನು ಇಳಿಸಿದ ಕೈಯಲ್ಲೇ ಇನ್ನೊಂದನ್ನು ಏರಿಸುವನು. ಆ ಗೂಟ ಒಂದು ದಿನವೂ ಬರಿದಾಗಿರಲಿಲ್ಲ.

ಆದರೆ ಋತುಗಳು ಗೂಟದ ಅಳತೆಗೆ ತಕ್ಕಂತೆ ಬರುವುದಿಲ್ಲ. ಶರತ್ಕಾಲದ ತುದಿಯಲ್ಲಿ ಕೆಲವು ವಾರಗಳು ಎರಡಕ್ಕೂ ಸಲ್ಲುವುದಿಲ್ಲ. ಮಳೆಯಲ್ಲಿ ನೆನೆದ ದಾರಿ ಚಳಿಗೆ ಹೆಪ್ಪುಗಟ್ಟುತ್ತದೆ. ಕೆಸರಿನಲ್ಲಿ ಮೂಡಿದ ಕುರಿಯ ಗೊರಸುಗಳ ಗುರುತು ಕಲ್ಲಾಗಿ ನಿಲ್ಲುತ್ತದೆ. ಅದರ ಮೇಲೆ ಗಾಲಿ ಹೋಗದು. ಹಿಮ ಬಿದ್ದಿಲ್ಲವಾದ್ದರಿಂದ ಹಲಗೆಯೂ ಹೋಗದು. ಆ ವಾರಗಳಲ್ಲಿ ಬೆಟ್ಟ ಹತ್ತುವುದು ಬರಿಯ ಕಾಲು ಮಾತ್ರ.

ಮೇಷ್ಟ್ರಿಗೆ ನಡಿಗೆ ಎಂದರೆ ಆಗದು. ನಡೆದರೆ ಬೇಸಗೆಯಲ್ಲಿ ಗಳಿಸಿದ ಉಸಿರು ಕರಗಿಹೋಗುತ್ತದೆ ಎಂದು ಅವನು ತಿಳಿದಿದ್ದ. ಕಣಕಾಲು ಉಳುಕಿತೆಂದರೆ ಚಳಿಗಾಲವೇ ಹೋದಂತೆ. ಆದ್ದರಿಂದ ಆ ವಾರಗಳಿಗೆಂದೇ ಅವನು ಚಿಕ್ಕ ಗಾಲಿಗಳನ್ನು ಜೋಡಿಸಿದ ಗಿಡ್ಡ ಹಲಗೆಗಳನ್ನು ತರಿಸಿಕೊಂಡಿದ್ದ. ಅವನ್ನು ಕಟ್ಟಿಕೊಂಡು ಶಾಲೆಯ ಮುಂದಿನ ಡಾಂಬರು ರಸ್ತೆಯಲ್ಲಿ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದ. ಮೊದಲ ಕೆಲವು ದಿನ ಇಳಿಜಾರು ಬಂದಾಗಲೆಲ್ಲ ಅವನ ಬೆರಳುಗಳು ಇಲ್ಲದ ಬ್ರೇಕನ್ನು ಹಿಡಿಯುತ್ತಿದ್ದವು. ಕೈ ಹಳೆಯದರಲ್ಲಿ, ಕಾಲು ಹೊಸದರಲ್ಲಿ. ಮನಸ್ಸು ಮಾತ್ರ ಎಲ್ಲಿಯೂ ಇರುತ್ತಿರಲಿಲ್ಲ. ಅದು ಮುಗಿಲನ್ನು ನೋಡುತ್ತಿತ್ತು.

ಆ ಊರಿನ ನೆತ್ತಿಯ ಮೇಲೆ ಕುರಿಗಾರರ ಒಂದು ಹಟ್ಟಿಯಿತ್ತು. ತಲೆಯೆತ್ತಿದರೆ ಕಾಣುವಷ್ಟು ಹತ್ತಿರ. ದಾರಿ ಮಾತ್ರ ಬೆಟ್ಟವನ್ನು ಸುತ್ತಿ ಸುತ್ತಿ ಹೋಗುತ್ತಿತ್ತು. ಕಾರ್ತಿಕ ಬಂತೆಂದರೆ ಹಟ್ಟಿಯವರು ಕುರಿಗಳನ್ನು ಹೊಡೆದುಕೊಂಡು ಬೆಚ್ಚನೆಯ ಸೀಮೆಗೆ ಇಳಿಯುತ್ತಾರೆ, ಚೈತ್ರಕ್ಕೆ ಮರಳುತ್ತಾರೆ. ಹೋಗುವಾಗ ಒಬ್ಬರನ್ನು ಬಿಟ್ಟುಹೋಗುತ್ತಾರೆ. ಹಟ್ಟಿ ಕಟ್ಟಿದ ದಿನ ಹೊತ್ತಿಸಿದ ಒಲೆ ಎಂದಿಗೂ ಆರಬಾರದೆಂಬುದು ಅವರ ಕಟ್ಟಳೆ. ಪ್ರತಿ ಚಳಿಗಾಲಕ್ಕೆ ಒಂದು ಮನೆಯ ಸರದಿ. ಬೆಂಕಿ ಕಾಯುವವರು ಆ ಒಲೆಯಿಂದ ಕೂಗಳತೆಯ ಆಚೆಗೆ ಹೋಗುವಂತಿಲ್ಲ. ಮೂರ್ಛೆ ಬಂದು ಬೀಳುವ ರೋಗವಿದ್ದವರು ಆ ಒಲೆಯ ಮುಂದೆ ಕೂರುವಂತೆಯೇ ಇಲ್ಲ. ಅವರನ್ನು ಬೆಂಕಿ ಒಲ್ಲದು ಎನ್ನುತ್ತಾರೆ. ಬೆಳಿಗ್ಗೆ ಒಲೆಗೆ ಸೌದೆ ಇಟ್ಟರೆ ಹೊಗೆ ಏಳುತ್ತದೆ. ಕೆಳಗಿನ ಊರಿನವರು ತಲೆಯೆತ್ತಿ ನೋಡಿ, "ಹೊಗೆಯಿದೆ, ಹಟ್ಟಿ ಕುಶಲ" ಎನ್ನುತ್ತಾರೆ. ಚೈತ್ರದವರೆಗೆ ಅಷ್ಟೇ ವಿಚಾರಣೆ.

ಆ ವರ್ಷದ ಸರದಿ ಕಂಬಳಿ ನೇಯುವ ಒಬ್ಬ ಹೆಂಗಸಿನದು. ಅವಳಿಗೆ ಹಿಂದುಮುಂದು ಯಾರೂ ಇರಲಿಲ್ಲ. ಅವಳಿಗೆ ಬೀಳುವ ರೋಗವಿತ್ತು. ಹಟ್ಟಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಮೇಷ್ಟ್ರಿಗೆ ಗೊತ್ತಿತ್ತು. ಆರು ವರ್ಷಗಳ ಹಿಂದೆ ಅವಳು ಬೆಟ್ಟದ ದಾರಿಯಲ್ಲಿ ಬಾಯಲ್ಲಿ ನೊರೆ ಕಾರುತ್ತ ಬಿದ್ದಿದ್ದಾಗ ಸೈಕಲ್ಲಿನ ಮೇಲೆ ಬಂದವನು ಅವನೇ. ಅವಳಿಗೆ ಎಚ್ಚರ ಬರುವತನಕ ಕಾದು, ಕೆಳಗಿನ ದವಾಖಾನೆಗೆ ಕರೆದುಕೊಂಡು ಹೋಗಿದ್ದ. ದಿನಕ್ಕೊಂದು ಮಾತ್ರೆ ನುಂಗಿದರೆ ರೋಗ ಹತ್ತಿರ ಸುಳಿಯುವುದಿಲ್ಲ. ಒಂದೆರಡು ದಿನ ತಪ್ಪಿದರೂ ಹಿಂದಿನದಕ್ಕಿಂತ ಜೋರಾಗಿ ಬರುತ್ತದೆ ಎಂದು ಅಲ್ಲಿ ಹೇಳಿದ್ದರು. ದವಾಖಾನೆಯಲ್ಲಿ ಹದಿನೈದು ದಿನಕ್ಕಿಂತ ಹೆಚ್ಚಿನ ಮಾತ್ರೆ ಕೊಡುವುದಿಲ್ಲ. ಅಂದಿನಿಂದ ಅವಳು ಹಟ್ಟಿಯಲ್ಲಿರುವ ತಿಂಗಳುಗಳಲ್ಲಿ, ಹದಿನೈದು ದಿನಕ್ಕೊಮ್ಮೆ, ಭಾನುವಾರದ ಸವಾರಿಯಲ್ಲಿ ಮೇಷ್ಟ್ರು ಮಾತ್ರೆಯ ಪೊಟ್ಟಣವನ್ನು ಮೇಲೆ ಒಯ್ದು ಕೊಡುತ್ತಿದ್ದ. ಆರು ವರ್ಷದಲ್ಲಿ ಅವಳು ಒಮ್ಮೆಯೂ ಬೀಳಲಿಲ್ಲ.

ಅವನು ಒಳ್ಳೆಯವನು. ಇದನ್ನು ಮರೆಯಬೇಡ.

ಹಟ್ಟಿಯವರು ಇಳಿದುಹೋದ ಮೇಲಿನ ಭಾನುವಾರ ಮೇಷ್ಟ್ರು ಆ ವರ್ಷದ ಕೊನೆಯ ಸವಾರಿ ಹೊರಟ. ದಾರಿ ಆಗಲೇ ಅಲ್ಲಲ್ಲಿ ಬಿಗಿಯುತ್ತಿತ್ತು. ಮೂರು ಗಂಟೆಯಲ್ಲಿ ಮೇಲೆ ಮುಟ್ಟಿದ. ಹೆಂಗಸು ಹೊಸ್ತಿಲಲ್ಲೇ ನಿಂತಿದ್ದಳು.

"ಬನ್ನಿ ಮೇಷ್ಟ್ರೇ. ನಿಮ್ಮ ಕುದುರೆಗೆ ಹುಲ್ಲೂ ಬೇಡ, ನೀರೂ ಬೇಡ. ಏದುಸಿರು ಮಾತ್ರ ನಿಮ್ಮ ಪಾಲಿಗೆ."

ಅವನು ನಕ್ಕು ಪೊಟ್ಟಣ ಕೊಟ್ಟ. "ಹದಿನೈದು ದಿನಕ್ಕಿದೆ. ಅಷ್ಟರಲ್ಲಿ ಹಿಮ ಬೀಳುತ್ತದೆ. ಹಲಗೆಯ ಮೇಲೆ ಬರುತ್ತೇನೆ."

"ಬೀಳದಿದ್ದರೆ?"

"ಬೀಳದೆ ಎಲ್ಲಿಗೆ ಹೋಗುತ್ತದೆ?"

"ಹಿಮವೇನು ನಿಮ್ಮ ಶಾಲೆಯ ಮಕ್ಕಳೇ, ಗಂಟೆ ಹೊಡೆದ ಕೂಡಲೇ ಬಂದು ಸಾಲಾಗಿ ಕೂರುವುದಕ್ಕೆ?"

"ಬೀಳದಿದ್ದರೆ ನಡೆದು ಬರುತ್ತೇನಮ್ಮ."

"ನೀವು? ನಡೆದು?" ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆಮೇಲೆ ನಗುವನ್ನು ನಿಲ್ಲಿಸಿ ಹೇಳಿದಳು: "ಈ ಒಲೆ ನನ್ನ ಕೈಗೆ ಬಂದಿರುವುದು ಇದೇ ಮೊದಲು. ನನ್ನಮ್ಮನಿಗೂ ರೋಗವಿತ್ತು, ಅವಳನ್ನು ಕೊನೆಯವರೆಗೆ ಈ ಹೊಸ್ತಿಲು ತುಳಿಯಗೊಡಲಿಲ್ಲ. ನನ್ನ ಗುಟ್ಟು ನಿಮ್ಮ ಹೊಟ್ಟೆಯಲ್ಲೇ ಇರಲಿ, ಮೇಷ್ಟ್ರೇ."

"ಇರುತ್ತದೆ" ಎಂದು ಅವನು ಮಾತು ಕೊಟ್ಟ. ಎರಡು ಮಾತು ಕೊಟ್ಟಿದ್ದ: ನಡೆದು ಬರುತ್ತೇನೆ ಎಂಬುದು ಒಂದು, ಗುಟ್ಟು ಕಾಯುತ್ತೇನೆ ಎಂಬುದು ಇನ್ನೊಂದು. ಒಂದನ್ನು ಉಳಿಸಿಕೊಂಡ.

ಮನೆಗೆ ಬಂದವನು ಸೈಕಲ್ಲನ್ನು ತೊಳೆದ. ಸರಪಣಿಗೆ ಎಣ್ಣೆ ಬಿಟ್ಟ. ಗೂಟದಿಂದ ಹಲಗೆಗಳನ್ನು ಇಳಿಸಿ, ಸೈಕಲ್ಲನ್ನು ಏರಿಸಿದ.

ಇಷ್ಟು ಹೇಳುವಷ್ಟರಲ್ಲಿ ಮೊಗಸಾಲೆಯ ಕೊನೆಯಿಂದ ಗಂಟೆಯ ಸದ್ದು ಬಂತು. ಗುರುಮಾತೆ ಮಾತು ನಿಲ್ಲಿಸಿದರು. ಶಿಷ್ಯೆ ಆ ಕಡೆ ತಿರುಗಿ ನೋಡಿದಳು.

"ನೀರಿಗಿರಬೇಕು. ಈಗ ತಾನೇ ಕುಡಿಸಿ ಬಂದಿದ್ದೇನೆ. ಮುಂದೆ ಹೇಳಿ ಅಮ್ಮ" ಎಂದಳು.

ಗುರುಮಾತೆ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದರು. ಆಮೇಲೆ ಮುಂದುವರಿಸಿದರು.

ಹಿಮ ಬೀಳಲಿಲ್ಲ. ಒಂದು ವಾರ ಕಳೆಯಿತು. ಮೇಷ್ಟ್ರು ಬೆಳಿಗ್ಗೆ ಎದ್ದು ನಾಡಿ ಎಣಿಸಿ ಬರೆದಿಡುವನು. ಸಂಜೆ ಶಾಲೆ ಬಿಟ್ಟ ಮೇಲೆ ಡಾಂಬರು ರಸ್ತೆಯಲ್ಲಿ ಗಾಲಿಯ ಹಲಗೆಗಳನ್ನು ಕಟ್ಟಿಕೊಂಡು ಹೋಗಿ ಬರುವನು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತಲೆಯೆತ್ತಿ ಹಟ್ಟಿಯನ್ನು ನೋಡುವನು. ಹೊಗೆಯಿರುತ್ತಿತ್ತು. ದವಾಖಾನೆಯಿಂದ ಮುಂದಿನ ಪೊಟ್ಟಣವನ್ನು ಆಗಲೇ ತಂದಿದ್ದ. ಅದು ಅವನ ಅಂಗಿಯ ಜೇಬಿನಲ್ಲಿತ್ತು. ಮರೆತವನಲ್ಲ ಅವನು.

ಎರಡನೆಯ ವಾರವೂ ಕಳೆಯಿತು. ಭಾನುವಾರ ಬಂತು. ಅದು ಹದಿನಾಲ್ಕನೆಯ ದಿನ. ಬೆಳಿಗ್ಗೆ ಮೋಡ ಕವಿದಿತ್ತು. ಇಂದು ಬಿದ್ದೇ ಬೀಳುತ್ತದೆ ಎಂದು ಹಲಗೆಗಳನ್ನು ಬಾಗಿಲ ಬಳಿ ಇಟ್ಟುಕೊಂಡು ಕಾದ. ಮಧ್ಯಾಹ್ನ ಬಿಸಿಲು ಬಂತು.

ಆ ಊರಿನಲ್ಲಿ ಒಬ್ಬ ಮುದಿ ಸೈನಿಕನಿದ್ದ. ಗಡಿಯ ಹಿಮದಲ್ಲಿ ಒಂದು ಪಾದದ ಬೆರಳುಗಳನ್ನೆಲ್ಲ ಕಳೆದುಕೊಂಡು ಬಂದವನು. ಊರಿನವರ ಹಲಗೆಗಳಿಗೆ ಮೇಣ ತಿಕ್ಕಿಕೊಡುವುದು ಅವನ ಕಸುಬು. ಹದಿನಾರನೆಯ ದಿನ ಸಂಜೆ ಮೇಷ್ಟ್ರು ಅವನಲ್ಲಿಗೆ ಹೋದ.

"ಏನು ಮೇಷ್ಟ್ರೇ, ಮುಗಿಲಿಗೆ ಹಾಜರಿ ಕರೆಯುತ್ತಿದ್ದೀರಾ? ನಾಲ್ಕು ದಿನದಿಂದ ನಿಮ್ಮ ಕತ್ತು ಕೆಳಗೆ ಬಾಗಿದ್ದನ್ನು ನಾನು ಕಾಣೆ."

"ಹಟ್ಟಿಗೆ ಹೋಗಬೇಕಾಗಿತ್ತು. ದಾರಿ ಕೆಟ್ಟಿದೆ."

"ದಾರಿ ಕೆಟ್ಟಿರುವುದು ಗಾಲಿಗೆ. ನಿಮಗೆ ಕಾಲಿಲ್ಲವೇ?"

"ನಡೆದರೆ ಹೋಗಲು ಒಂದು ಹಗಲು, ಬರಲು ಒಂದು ಹಗಲು. ಶಾಲೆಗೆ ರಜೆ ಭಾನುವಾರ ಮಾತ್ರ."

"ಲೆಕ್ಕ ಯಾರು ಹಾಕಿದ್ದು?"

"ನಾನೇ."

"ಹಾಗಾದರೆ ಸರಿಯೇ ಇರಬೇಕು ಬಿಡಿ, ಗಣಿತದ ಮೇಷ್ಟ್ರ ಲೆಕ್ಕ. ನನ್ನ ಕಾಲಿಗಿರುವುದು ಐದೇ ಬೆರಳು, ಅದಕ್ಕಿಂತ ಮೇಲೆ ನಾನು ಎಣಿಸಿದವನೇ ಅಲ್ಲ." ಮುದುಕ ಮೇಣ ತಿಕ್ಕುವ ಕೈಯನ್ನು ನಿಲ್ಲಿಸಿದ. "ತುರ್ತಿದ್ದರೆ ಹೇಳಿ. ನನ್ನ ಅಳಿಯ ನಾಳೆಯೇ ನಡೆದು ಹೋಗಿ ಬರುತ್ತಾನೆ."

ಮೇಷ್ಟ್ರು ಬಾಯಿ ತೆರೆದ. ಆಗ ಗುಟ್ಟಿನ ಮಾತು ನೆನಪಾಯಿತು.

"ತುರ್ತೇನೂ ಇಲ್ಲ" ಎಂದ.

ಮನೆಗೆ ಬರುವಾಗ ತಾನು ಮಾತು ಉಳಿಸಿಕೊಂಡೆನೆಂದು ಅವನ ಮನಸ್ಸು ಹಗುರವಾಗಿತ್ತು. ಅರ್ಧ ದಾರಿಯಲ್ಲಿ ಇನ್ನೊಂದು ಹೊಳೆಯಿತು. ಪೊಟ್ಟಣವನ್ನು ಬಟ್ಟೆಯಲ್ಲಿ ಹೊಲಿದು, ಒಳಗೇನಿದೆಯೆಂದು ಹೇಳದೆ ಕಳಿಸಬಹುದಾಗಿತ್ತು. ಅವನು ನಿಂತ. ಹಿಂದಿರುಗಿ ನೋಡಿದ. ಮುದುಕ ಬಾಗಿಲು ಹಾಕಿಕೊಂಡಿದ್ದ. ಒಂದೆರಡು ಮಾತ್ರೆಯನ್ನು ಅವಳು ಉಳಿಸಿಕೊಂಡೇ ಇರುತ್ತಾಳೆ, ಹೆಂಗಸರು ಎಲ್ಲದರಲ್ಲೂ ಸ್ವಲ್ಪ ಎತ್ತಿಡುತ್ತಾರೆ ಎಂದುಕೊಂಡು ಮುಂದೆ ನಡೆದ.

ಹದಿನೇಳನೆಯ ದಿನ ಬೆಳಿಗ್ಗೆ ಎದ್ದು ಬೂಟು ಕಟ್ಟಿಕೊಂಡ. ಶಾಲೆಗೆ ರಜೆ ಚೀಟಿ ಬರೆದ. ಬಾಗಿಲು ತೆರೆದು ದಾರಿಯನ್ನು ನೋಡಿದ. ಕಲ್ಲಾಗಿದ್ದ ಕೆಸರು ಬೆಳಗಿನ ಬೆಳಕಿನಲ್ಲಿ ಕತ್ತಿಯ ಅಲಗಿನಂತೆ ಹೊಳೆಯುತ್ತಿತ್ತು. ಮೇಲೆ ಹಟ್ಟಿಯಲ್ಲಿ ಹೊಗೆ ಏಳುತ್ತಿತ್ತು. ಪಡುವಣದಲ್ಲಿ ಮೋಡವಿತ್ತು. ಇಷ್ಟು ದಿನ ಕಾದಾಗಿದೆ. ನಾಳೆ ಹಿಮ ಬಿದ್ದರೆ ಮೂರು ಗಂಟೆಯ ಕೆಲಸಕ್ಕೆ ಇಂದು ಎರಡು ದಿನ ಸುರಿಯುವುದೇ? ಅವನು ಬೂಟು ಬಿಚ್ಚಿದ. ಚೀಟಿಯನ್ನು ಪುಸ್ತಕದ ನಡುವೆ ಇಟ್ಟ.

ಮತ್ತೆ ಗಂಟೆ ಹೊಡೆಯಿತು. ಈ ಸಲ ಸದ್ದು ಸಣ್ಣದಾಗಿತ್ತು. ಗಂಟೆ ಕೈಯಿಂದ ಜಾರಿ ನೆಲಕ್ಕೆ ಬಿದ್ದಂತೆ ಕೊನೆಯಾಯಿತು. ಗುರುಮಾತೆ ಮಾತು ನಿಲ್ಲಿಸಿದರು.

"ಆಮೇಲೆ?" ಎಂದಳು ಶಿಷ್ಯೆ. ಅವಳು ತಿರುಗಿ ನೋಡಲಿಲ್ಲ.

ಗುರುಮಾತೆ ಕೊನೆಯ ಕೋಣೆಯ ಕಡೆ ನೋಡಿ, ಕತೆ ಮುಂದುವರಿಸಿದರು. ಅವರ ಕೈಗಳು ಮಡಿಲಲ್ಲಿ ಅಲುಗದೆ ಇದ್ದವು.

ಹದಿನೆಂಟನೆಯ ದಿನ ಹಟ್ಟಿಯಿಂದ ಎದ್ದ ಹೊಗೆ ಎಂದಿಗಿಂತ ದಟ್ಟವಾಗಿತ್ತು. ಕಪ್ಪಗಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೂ ಒಂದು ಕ್ಷಣವೂ ತಗ್ಗದೆ ಏಳುತ್ತಲೇ ಇತ್ತು. ಊರಿನವರು ತಲೆಯೆತ್ತಿ ನೋಡಿ, "ಹೊಗೆಯಿದೆ, ಹಟ್ಟಿ ಕುಶಲ. ಚಳಿಗೆ ಇಂದು ಜೋರಾಗಿಯೇ ಉರಿಸಿದ್ದಾಳೆ" ಎಂದರು. ಮೇಷ್ಟ್ರೂ ನೋಡಿದ. ಅವನ ಎದೆಯ ಮೇಲಿನ ಭಾರವೆಲ್ಲ ಇಳಿಯಿತು. ಅಂದು ಸಂಜೆ ಡಾಂಬರು ರಸ್ತೆಯಲ್ಲಿ ಇಪ್ಪತ್ತು ಸಲ ಹೋಗಿ ಬಂದ. ಬೆರಳುಗಳು ಒಮ್ಮೆಯೂ ಇಲ್ಲದ ಬ್ರೇಕನ್ನು ಹುಡುಕಲಿಲ್ಲ. ಮನೆಗೆ ಬಂದು ನಾಡಿ ಎಣಿಸಿದ. ಆ ವರ್ಷದಲ್ಲೇ ಅಷ್ಟು ಚೆನ್ನಾಗಿ ಎಂದೂ ಇರಲಿಲ್ಲ.

ಹತ್ತೊಂಬತ್ತನೆಯ ದಿನ ಹೊಗೆ ನೂಲಿನೆಳೆಯಷ್ಟಿತ್ತು. ಇಪ್ಪತ್ತನೆಯ ದಿನ ಮೋಡ ಇಳಿದು ಬೆಟ್ಟವೇ ಕಾಣಲಿಲ್ಲ. ಆಮೇಲೆ ಒಂದು ಹಗಲು, ಒಂದು ಇರುಳು ಬಿಡದೆ ಹಿಮ ಬಿತ್ತು.

ಇಪ್ಪತ್ತೆರಡನೆಯ ದಿನ ಬೆಳಗಾಗುತ್ತಲೇ ಅವನು ಹಲಗೆಗಳನ್ನು ಕಟ್ಟಿಕೊಂಡು ಹೊರಟ. ಮೈ ಸಿದ್ಧವಾಗಿತ್ತು. ಉಸಿರು ಎಲ್ಲಿಯೂ ತಪ್ಪಲಿಲ್ಲ. ಹೊಸ ಹಿಮದಲ್ಲಿ ಅಷ್ಟು ಬೇಗ ಆ ಬೆಟ್ಟವನ್ನು ಯಾರೂ ಹತ್ತಿರಲಿಲ್ಲ. ಮೂರು ಗಂಟೆಯೂ ಹಿಡಿಯಲಿಲ್ಲ.

ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲಿನ ಹಿಮದಲ್ಲಿ ಹೆಜ್ಜೆಯ ಗುರುತಿರಲಿಲ್ಲ. ಕಲ್ಲಿನ ಗೋಡೆ, ಕಲ್ಲಿನ ಮಾಡು. ಆದ್ದರಿಂದ ಮನೆ ನಿಂತಿತ್ತು. ಒಳಗೆ ಸುಡುವಂಥದ್ದೆಲ್ಲ ಸುಟ್ಟಿತ್ತು. ಉಣ್ಣೆಯ ಮೂಟೆಗಳು, ಮಗ್ಗ, ಮಗ್ಗದ ಮೇಲಿದ್ದ ಕಂಬಳಿ. ಅವಳು ಒಲೆಯ ಪಕ್ಕದಲ್ಲಿದ್ದಳು. ಉಣ್ಣೆ ಉರಿದರೆ ಹೊಗೆ ಕಪ್ಪಗಿರುತ್ತದೆ. ಅದು ಅವನಿಗೆ ಗೊತ್ತಿತ್ತು. ಆ ಸೀಮೆಯಲ್ಲಿ ಅದು ಎಲ್ಲರಿಗೂ ಗೊತ್ತು.

ಗೋಡೆಯ ಗೂಡಿನಲ್ಲಿ ಅವಳ ತಗಡಿನ ಡಬ್ಬಿಯಿತ್ತು. ತೆರೆದು ನೋಡಿದ. ಒಳಗೆ ಅರ್ಧ ಮಾತ್ರೆ ಇತ್ತು. ಮಾತ್ರೆಗಳನ್ನು ಅರ್ಧಕ್ಕೆ ಮುರಿದಾಗ ಉದುರಿದ ಪುಡಿಯೂ ಇತ್ತು. ಹಿಮ ಬರುವ ಮೊದಲೇ ಮಾತ್ರೆ ಮುಗಿಯುತ್ತದೆಂದು ಅವಳಿಗೆ ತಿಳಿದಿತ್ತು. ಎಂದಿನಿಂದಲೋ ದಿನಕ್ಕೆ ಅರ್ಧದಂತೆ ನುಂಗಿ, ಅವನಿಗಾಗಿ ದಿನಗಳನ್ನು ಹಿಗ್ಗಿಸಿದ್ದಳು.

ಒಲೆ ತಣ್ಣಗಿತ್ತು. ಹಟ್ಟಿ ಕಟ್ಟಿದಂದಿನಿಂದ ಆರದ ಒಲೆ. ಅವನು ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. ಹೊರಗಿನ ಗೂಡಿನಿಂದ ಸೌದೆ ತಂದ. ಕಡ್ಡಿ ಗೀರಿ ಒಲೆ ಹೊತ್ತಿಸಿದ. ಬೇರೇನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಕೆಳಗೆ ಊರಿನವರು ತಲೆಯೆತ್ತಿ ನೋಡಿ, "ಹೊಗೆಯಿದೆ" ಎಂದಿರಬೇಕು.

ಸುದ್ದಿ ಮುಟ್ಟಿ ಹಟ್ಟಿಯ ಹಿರಿಯ ನಾಲ್ವರನ್ನು ಕರೆದುಕೊಂಡು ಬಂದ. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಬೆಂಕಿ ಆರಿತ್ತೇ ಮೇಷ್ಟ್ರೇ?"

ಆರಿತ್ತೆಂದರೆ ಏಕೆ ಎನ್ನುತ್ತಾರೆ. ಏಕೆಂದು ಹೇಳಿದರೆ, ರೋಗವಿದ್ದವಳು ಒಲೆ ಮುಟ್ಟಿದಳು ಎಂದು ಸತ್ತವಳ ಹೆಸರನ್ನು ಹಟ್ಟಿಯಿಂದ ಅಳಿಸುತ್ತಾರೆ. ಹೇಳದಿದ್ದರೆ ಅವನ ತಪ್ಪನ್ನು ಕೇಳುವವರು ಯಾರೂ ಇಲ್ಲ.

"ಇಲ್ಲ" ಎಂದ.

ಹಿರಿಯ ಒಲೆಗೆ ಕೈಮುಗಿದ. "ಕಿಡಿ ಸಿಡಿದಿರಬೇಕು. ಓಡಿಹೋಗಬಹುದಾಗಿತ್ತು, ನಮ್ಮ ಒಲೆ ಬಿಟ್ಟು ಏಳಲಿಲ್ಲ ನಮ್ಮ ಹುಡುಗಿ" ಎಂದ. ಆಮೇಲೆ ಮೇಷ್ಟ್ರ ಕಡೆ ತಿರುಗಿದ. "ಹಿಮ ನಿಂತ ಬೆಳಿಗ್ಗೆಯೇ ಓಡಿ ಬಂದಿರಂತೆ. ಬೇರೆ ಯಾರು ಬರುತ್ತಿದ್ದರು? ನಿಮ್ಮಂಥ ಗಟ್ಟಿಗರು ಊರಿಗೊಬ್ಬರಿರಬೇಕು."

ಅವರು ಅವನಿಗೆ ಒಂದು ಕಂಬಳಿ ಹೊದಿಸಿದರು. ಮೆಚ್ಚಿದವರಿಗೆ ಕಂಬಳಿ ಹೊದಿಸುವುದು ಅವರ ರೂಢಿ. ಅದು ಅವಳು ನೇಯ್ದದ್ದು. ಅವನು ಬೇಡವೆನ್ನಲಿಲ್ಲ. ಏನೆಂದು ಬೇಡವೆನ್ನುತ್ತಾನೆ?

ಚಳಿಗಾಲ ಕಳೆಯಿತು. ಹಿಮ ಕರಗಿ, ದಾರಿ ಇನ್ನೂ ಗಾಲಿಗೆ ಒಣಗದಿದ್ದಾಗ ಒಂದು ಭಾನುವಾರ ಮೇಷ್ಟ್ರು ಹಟ್ಟಿಗೆ ನಡೆದು ಹೊರಟ. ಹುಟ್ಟಿದ ಮೇಲೆ ಆ ದಾರಿಯನ್ನು ಅವನು ನಡೆದು ಹತ್ತಿದ್ದು ಅದೇ ಮೊದಲು. ಸೂರ್ಯ ಹುಟ್ಟುವಾಗ ಹೊರಟವನು ಮೇಲೆ ಮುಟ್ಟಿ ನೆರಳನ್ನು ನೋಡಿದ. ನೆರಳು ಇನ್ನೂ ಕಾಲಬುಡಕ್ಕೆ ಬಂದಿರಲಿಲ್ಲ. ನಡು ಹಗಲೂ ಆಗಿರಲಿಲ್ಲ. ಒಂದೇ ಭಾನುವಾರದಲ್ಲಿ ಹೋಗಿ, ಮಾತ್ರೆ ಕೊಟ್ಟು, ಒಂದು ಲೋಟ ಚಹಾ ಕುಡಿದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾಗಿತ್ತು. ಅವನ ಲೆಕ್ಕ ತಪ್ಪಿತ್ತು. ನಡೆದು ನೋಡದ ದಾರಿಯನ್ನು ಅಳೆದಿದ್ದ.

ಅವನು ಅವಳ ಹೊಸ್ತಿಲ ಮೇಲೆ ಕುಳಿತ. ಅಲ್ಲಿ ಹಿಂದೆ ಎಂದೂ ಕುಳಿತಿರಲಿಲ್ಲ. ಬಂದವನು ನಿಂತುಕೊಂಡೇ ಪೊಟ್ಟಣ ಕೊಟ್ಟು, ಉಸಿರು ಆರುವ ಮೊದಲೇ ಇಳಿಯುತ್ತಿದ್ದ. ಕುಳಿತಾಗ ನೇರ ಕೆಳಗೆ ಊರು ಕಾಣಿಸಿತು. ಶಾಲೆ ಕಾಣಿಸಿತು. ಶಾಲೆಯ ಮುಂದೆ ಡಾಂಬರು ರಸ್ತೆ ಕರಿದಾರದಂತೆ ಬಿದ್ದಿತ್ತು. ಅದರ ಮೇಲೆ ಒಂದು ಲಾರಿ ಇರುವೆಯಂತೆ ಹೋಯಿತು. ಅದರ ಹಿಂದೆ, ಸಾಸಿವೆಯ ಕಾಳಿನಷ್ಟು, ಒಬ್ಬ ಮನುಷ್ಯ ನಡೆದು ಹೋಗುತ್ತಿದ್ದ.

ಅವಳಿಗೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಪ್ರತಿ ಸಂಜೆ. ಹದಿನೇಳು ದಿನ.

ಗುರುಮಾತೆ ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯೆಯ ಕಣ್ಣು ತುಂಬಿತ್ತು. ಅವಳು ಕೇಳಿದಳು: "ಅವನಿಗೆ ಪ್ರಾಯಶ್ಚಿತ್ತವೇ ಇಲ್ಲವೇ, ಅಮ್ಮ?"

ಗುರುಮಾತೆ ಮೊಗಸಾಲೆಯ ಕೊನೆಯ ಕಡೆಗೆ ಕಿವಿಗೊಟ್ಟರು. ಅಲ್ಲಿಂದ ಯಾವ ಸದ್ದೂ ಬರುತ್ತಿರಲಿಲ್ಲ.

"ನನಗೆ ಕಾಲಿಲ್ಲ, ಮಗಳೇ, ಗಂಟೆ ಎರಡು ಸಲ ಹೊಡೆಯಿತು" ಎಂದರು.